ಮಧ್ಯಾಹ್ನ ಕರೆಂಟ್ ಬಂದ್ರೆ ಬೋರ್ಡ್ ಏಳಲ್ಲ, ಕ್ರಿಸ್ಟಲ್ ಮುಟ್ಟಿದ್ರೆ ಏಳತ್ತೆ – 16 ಮೆಗಾಹರ್ಟ್ಜ್ ಕ್ರಿಸ್ಟಲ್ ಪ್ರಾಬ್ಲಮ್, ಸ್ವಲ್ಪ ನೋಡ್ತೀರಾ?

ತೋಟದಮನೆ:

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ನಮ್ಮ ಅಡಿಕೆ ತೋಟಕ್ಕೆ ಮೋಟಾರ್ ಕಂಟ್ರೋಲರ್ ಒಂದು ನಾನೇ ಮಾಡಿ ಹಾಕಿದೀನಿ. ಎಟಿಮೆಗಾ 328ಪಿ ಮೈಕ್ರೋಕಂಟ್ರೋಲರ್ ಐಸಿ, 28 ಪಿನ್ನಿಂದು, ಆರ್ಡುಯಿನೋ ಊನೋ ಬೋರ್ಡ್ ಥರಾನೇ 16 ಮೆಗಾಹರ್ಟ್ಜ್ ವೇಗ, ಅದಕ್ಕೆ ಕ್ಲಾಕ್ ಕೊಡೋ ಒಂದು ಕ್ರಿಸ್ಟಲ್, ಎರಡು 22 ಪಿಎಫ್ (ಪಿಕೋಫ್ಯಾರಡ್) ಕೆಪಾಸಿಟರ್, ಒಂದು ಸಿಮ್800ಎಲ್ ಮಾಡ್ಯೂಲ್ (ಮಿಸ್ಡ್ ಕಾಲ್ ಕೊಟ್ರೆ ಮೋಟಾರ್ ಆನ್ ಆಗೋಕೆ), ರಿಲೇ, ಇಷ್ಟೇ. ಡಾಟ್ ಬೋರ್ಡ್ ಮೇಲೆ ಸೋಲ್ಡರ್ ಮಾಡಿರೋದು, ಪಿಸಿಬಿ ಅಲ್ಲ.

ಪ್ರಾಬ್ಲಮ್ ಏನಂದ್ರೆ ಬೆಳಿಗ್ಗೆ ಹೊತ್ತು ತ್ರೀಫೇಸ್ ಬಂದ್ರೆ ಬೋರ್ಡ್ ಆರಾಮಾಗಿ ಸ್ಟಾರ್ಟ್ ಆಗತ್ತೆ, ಎಲ್‌ಇಡಿ ಮಿಣುಕತ್ತೆ, ಮೆಸೇಜ್ ಬರತ್ತೆ, ಎಲ್ಲಾ ಸರಿ. ಅದೇ ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಕರೆಂಟ್ ಹೋಗಿ ಬಂದ್ರೆ ಸುಮಾರು ಸಲ ಸತ್ತಂಗೆ ಇರತ್ತೆ, ಎಲ್‌ಇಡಿನೂ ಇಲ್ಲ ಏನೂ ಇಲ್ಲ, ಆಗ ಡಬ್ಬ ತೆಗೆದು ಟೆಸ್ಟರ್ ತುದಿಲಿ ಕ್ರಿಸ್ಟಲ್‌ನ ಕಾಲು ಮುಟ್ಟಿದ್ರೆ ಟಕ್ ಅಂತ ಎದ್ದು ಕೂತ್ಕೊಳತ್ತೆ. ಒಂದ್ಸಲ ಎದ್ದ ಮೇಲೆ ಸಂಜೆ ತನಕ ನಿಲ್ಲಲ್ಲ. ಡಬ್ಬ ಇರೋದು ಪಂಪ್‌ಹೌಸಲ್ಲಿ, ತಗಡಿನ ಮಾಡು, ಮಧ್ಯಾಹ್ನ ಒಳಗೆ ಕೈ ಇಡಕ್ಕಾಗಲ್ಲ ಅಷ್ಟು ಕಾವು.

ಇನ್ನೊಂದು ವಿಚಿತ್ರ: ಮಧ್ಯಾಹ್ನ ಅದು ಸತ್ತಿರೋವಾಗ ಪ್ರೋಗ್ರಾಮರ್ ಹಾಕಿದ್ರೆ ಡಿವೈಸ್ ಸಿಗ್ನೇಚರ್ (ಐಸಿಯ ಗುರುತಿನ ನಂಬರ್) ಎಲ್ಲಾ ಸೊನ್ನೆ ಬರತ್ತೆ, ಬೆಳಿಗ್ಗೆ ಹಾಕಿದ್ರೆ 1ಇ950ಎಫ್ ಅಂತ ಸರಿಯಾಗೇ ಬರತ್ತೆ. ಐಸಿನೇ ಹೋಗಿದ್ಯಾ ಅಂತ ಡೌಟು. ಸಿಮ್ ಮಾಡ್ಯೂಲ್ ಕಿತ್ತು ನೋಡಿದೆ, ವ್ಯತ್ಯಾಸ ಇಲ್ಲ. 5 ವೋಲ್ಟ್ ಮೀಟರಲ್ಲಿ 4.98 ತೋರಿಸ್ತಿದೆ. ಆಸಿಲೋಸ್ಕೋಪ್ ನನ್ನ ಹತ್ರ ಇಲ್ಲ. ತೋಟಕ್ಕೆ ನೀರು ಬಿಡೋ ಕಾಲ, ಮಧ್ಯಾಹ್ನ ಯಾರೂ ಮನೇಲಿಲ್ದಾಗ ಹಿಂಗಾದ್ರೆ ಆ ದಿನದ ನೀರು ಹೋದಂಗೇ. ಯಾರಿಗಾದ್ರೂ ಐಡಿಯಾ ಇದ್ರೆ ಹೇಳಿ.

ಹುಬ್ಬಳ್ಳಿ ರಿಪೇರಿ:

ಐಸಿ ಹೋಗಿಲ್ರಿ, ಅದನ್ನ ತಲಿಯಿಂದ ತಗದ್ ಹಾಕ್ರಿ. ಐಎಸ್‌ಪಿ ಪ್ರೋಗ್ರಾಮರ್ ಮಾತಾಡಬೇಕಂದ್ರ ಐಸಿಗೆ ತನ್ನ ಕ್ಲಾಕ್ ಬೇಕು, ಫ್ಯೂಸ್‌ನಾಗ (ಅಂದ್ರ ಐಸಿ ಒಳಗಿನ ಸೆಟ್ಟಿಂಗಿನ್ಯಾಗ) ಹೊರಗಿನ ಕ್ರಿಸ್ಟಲ್ ಅಂತ ಸೆಟ್ ಆಗಿದ್ದು ಆ ಕ್ರಿಸ್ಟಲ್ ಓಡಲಿಲ್ಲಂದ್ರ ಸಿಗ್ನೇಚರ್ ಸೊನ್ನಿನ ಬರ್ತೈತಿ. ಅಂದ್ರ ಮಧ್ಯಾಹ್ನ ನಿಮ್ಮ ಆಸಿಲೇಟರ್ (ಕ್ರಿಸ್ಟಲ್ ಕುಣಿಸಿ ಕ್ಲಾಕ್ ಕೊಡೋ ಸರ್ಕ್ಯೂಟ್) ಸ್ಟಾರ್ಟ್ ಆಗವಲ್ದು, ಅಷ್ಟ.

ಮೊದಲು ಕ್ರಿಸ್ಟಲ್ ಬದಲಾಯಿಸಿ ನೋಡ್ರಿ, ಹತ್ತು ರೂಪಾಯಿ ಮಾಲು. ಕೆಳಗ ಬಿದ್ದ ಕ್ರಿಸ್ಟಲ್ ಒಳಗಿನ ಕ್ವಾರ್ಟ್ಜ್ ಬಿಲ್ಲಿ ಬಿರುಕು ಬಿಟ್ಟಿದ್ರ ಹೊರಗಿಂದ ಏನೂ ಗೊತ್ತಾಗಂಗಿಲ್ಲ. ಆಮ್ಯಾಲ ಕ್ರಿಸ್ಟಲ್ ಕೂಡೋ 9, 10ನೇ ಪಿನ್ನಿನ ಸೋಲ್ಡರ್ ಮತ್ತೊಮ್ಮೆ ಬಿಸಿ ಮಾಡ್ರಿ, ಫ್ಲಕ್ಸ್ ಇದ್ರ ಐಪಿಎ (ಕ್ಲೀನ್ ಮಾಡೋ ಆಲ್ಕೋಹಾಲ್) ಹಚ್ಚಿ ಹಳೇ ಟೂತ್‌ಬ್ರಷ್‌ನಾಗ ತಿಕ್ಕ್ರಿ. ಮಲೆನಾಡಿನ ಥಂಡಿಗೆ ಫ್ಲಕ್ಸ್ ನೀರು ಹೀರಿ ಲೀಕೇಜ್ ಕೊಡ್ತೈತಿ. ಪವರ್‌ನ 7ನೇ ಪಿನ್ನು ಗ್ರೌಂಡಿನ 8ನೇ ಪಿನ್ನಿನ ನಡುವ 104 (0.1 ಮೈಕ್ರೋಫ್ಯಾರಡ್) ಕೆಪಾಸಿಟರ್ ಐತೇನು? 20ನೇ ಪಿನ್ನು ಎವಿಸಿಸಿಗೂ (ಅನಲಾಗ್ ಭಾಗದ ಪವರ್) 5 ವೋಲ್ಟ್ ಕೊಟ್ಟೀರೇನು? ಭಾಳ ಮಂದಿ ಅದನ್ನ ಹಂಗ ಬಿಟ್ಟಿರ್ತಾರ.

ಶಾರ್ಟ್‌ವೇವ್ ಕಿವಿ:

ಸ್ಕೋಪ್ ಇಲ್ಲ ಅಂದ್ರೆ ರೇಡಿಯೋ ಇದ್ಯಾ? ಮನೇಲಿ ಶಾರ್ಟ್‌ವೇವ್ ಬರೋ ರೇಡಿಯೋ ಇದ್ರೆ, ಮಧ್ಯದಲ್ಲಿ ಜಾಗ ಬಿಡದೆ ಪೂರ್ತಿ ಟ್ಯೂನ್ ಆಗೋ ಅಂಥದ್ದು, ಅದನ್ನ 16.000 ಮೆಗಾಹರ್ಟ್ಜ್‌ಗೆ ಇಟ್ಟು ಬೋರ್ಡ್ ಪಕ್ಕ ಆಂಟೆನಾ ತನ್ನಿ. ಆಸಿಲೇಟರ್ ಓಡ್ತಿದ್ರೆ ಆ ಜಾಗದಲ್ಲಿ ಹಿನ್ನೆಲೆಯ ಸುರ್ರ್ ಅನ್ನೋ ಸದ್ದು ಒಮ್ಮೆಲೇ ಅಡಗತ್ತೆ, ಬೋರ್ಡ್ ಆಫ್ ಮಾಡಿದ್ರೆ ಸದ್ದು ವಾಪಸ್ ಬರತ್ತೆ. 19 ಮೀಟರ್ ಬ್ಯಾಂಡ್ 15.8ರ ಹತ್ರ ಮುಗಿಯತ್ತೆ, 16 ಮೀಟರ್ ಬ್ಯಾಂಡ್ ಶುರುವಾಗೋದು 17.4 ದಾಟಿದ ಮೇಲೆ, ಹಾಗಾಗಿ 16ರಲ್ಲಿ ಸ್ಟೇಷನ್‌ಗಳ ಗಲಾಟೆ ಅಷ್ಟಾಗಿ ಇರಲ್ಲ, ಟೆಸ್ಟಿಗೆ ಚೆನ್ನಾಗಿದೆ. ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರಿಗೆ ಹಾಕೋ ಯುಎಸ್‌ಬಿ ರೇಡಿಯೋ) ಇರೋರು 32ರಲ್ಲಿ ಎರಡನೇ ಹಾರ್ಮೋನಿಕ್ (ಎರಡು ಪಟ್ಟಿನ ಫ್ರೀಕ್ವೆನ್ಸಿ) ನೋಡಬಹುದು.

ನಾನು ಇದನ್ನೇ ಮೊದಲು ಹೇಳೋದಕ್ಕೆ ಕಾರಣ ಇದೆ. ಬೋರ್ಡಿಗೆ ಏನನ್ನೂ ಮುಟ್ಟಿಸದೆ ನೋಡೋ ದಾರಿ ಇದೊಂದೇ. ನೀವು ಟೆಸ್ಟರ್ ಇಡೋದು, ಮೀಟರ್ ಪ್ರೋಬ್ ಇಡೋದು, ಇವೆಲ್ಲಾ ಸರ್ಕ್ಯೂಟನ್ನೇ ಬದಲಾಯಿಸ್ತವೆ. ಸ್ಕೋಪ್ ಇದ್ದೋರೂ ಇಲ್ಲೇ ಎಡವೋದು, ಪ್ರೋಬನ್ನ 1ಎಕ್ಸ್ ಸೆಟ್ಟಿಂಗಲ್ಲಿ ಇಟ್ರೆ ನೂರು ಪಿಎಫ್ ಆಸುಪಾಸು ಲೋಡ್ ಬೀಳತ್ತೆ, 10ಎಕ್ಸ್‌ನಲ್ಲೂ ಹತ್ತು ಹದಿನೈದು ಪಿಎಫ್ ಇದ್ದೇ ಇರತ್ತೆ, ಓಡ್ತಿದ್ದ ಆಸಿಲೇಟರ್ ನಿಂತೋಗತ್ತೆ ಇಲ್ಲಾ ನಿಂತಿದ್ದು ಓಡಕ್ಕೆ ಶುರು ಮಾಡತ್ತೆ, ನೋಡೋರು ತಪ್ಪು ತೀರ್ಮಾನಕ್ಕೆ ಬರ್ತಾರೆ. ಸ್ಕೋಪ್ ಇಡಲೇಬೇಕು ಅಂದ್ರೆ 10ನೇ ಪಿನ್ನು, ಅಂದ್ರೆ ಔಟ್‌ಪುಟ್ ಕಡೆ ಇಡಿ, 9ರ ಮೇಲೆ ಬೇಡ. ಇನ್ನೂ ಒಳ್ಳೇದು ಅಂದ್ರೆ ಸಿಕೆಔಟ್ ಫ್ಯೂಸ್ ಹಾಕಿದ್ರೆ 14ನೇ ಪಿನ್ನಲ್ಲಿ ಕ್ಲಾಕ್ ಬಫರ್ ಆಗಿ ಹೊರಗೆ ಬರತ್ತೆ, ಅಲ್ಲಿ ಏನು ಬೇಕಾದ್ರೂ ಮುಟ್ಟಿಸಿ.

ತೋಟದಮನೆ:

ಥ್ಯಾಂಕ್ಸ್ ಇಬ್ರಿಗೂ. ಅಪ್ಪನ ರೇಡಿಯೋ ಇತ್ತು, ಡಿಜಿಟಲ್ ಟ್ಯೂನಿಂಗ್‌ದು. ಪಂಪ್‌ಹೌಸಿಗೆ ತಗೊಂಡೋಗಿ ನೋಡಿದೆ, ನೀವು ಹೇಳ್ದಂಗೆ ಬೋರ್ಡ್ ಓಡ್ತಿರೋವಾಗ 16.000ರಲ್ಲಿ ಸದ್ದು ಗಪ್ಚಿಪ್ ಆಗತ್ತೆ, ಮಧ್ಯಾಹ್ನ ಅದು ಏಳದೇ ಇದ್ದಾಗ ಸುರ್ರ್ ಅಂತಾನೇ ಇತ್ತು, ಕಾಲು ಮುಟ್ಟಿದ ಕೂಡ್ಲೇ ಗಪ್. ಸೊ ಆಸಿಲೇಟರ್ರೇ ಅಂತ ಪಕ್ಕಾ ಆಯ್ತು.

ಕ್ರಿಸ್ಟಲ್ ಬದಲಾಯ್ಸಿದೆ, ಬೇರೆ ಕಂಪ್ನಿದು, ಅದೇ ಕಥೆ. ಫ್ಲಕ್ಸ್ ಕ್ಲೀನ್ ಮಾಡಿದೆ, ಸೋಲ್ಡರ್ ಮತ್ತೆ ಹಾಕಿದೆ, 104 ಇದೆ, ಎವಿಸಿಸಿ ಕೂಡ ಕೊಟ್ಟಿದೀನಿ. ಮನೇಲಿ ಹೇರ್‌ಡ್ರೈಯರ್ ಹಿಡಿದು ಬಿಸಿ ಮಾಡಿ ಆನ್ ಮಾಡಿದ್ರೆ ಮಧ್ಯಾಹ್ನದ ಥರಾನೇ ಏಳಲ್ಲ, ತಣ್ಣಗಾದ ಮೇಲೆ ಏಳತ್ತೆ, ಹಂಗಾಗಿ ಈಗ ಟೇಬಲ್ ಮೇಲೇ ಟೆಸ್ಟ್ ಮಾಡಬಹುದು.

ಸ್ನೇಹಿತರೊಬ್ರು ಕ್ರಿಸ್ಟಲ್ಲೇ ಬೇಡ, ಒಳಗಿನ 8 ಮೆಗಾಹರ್ಟ್ಜ್ ಆಸಿಲೇಟರ್‌ಗೆ ಹಾಕ್ಬಿಡು ಅಂತಿದಾರೆ. ಹಾಕಿ ನೋಡಿದೆ, ಯಾವ ಬಿಸಿಗೂ ನಿಲ್ಲಲ್ಲ. ಅದೇ ಸಾಕಾ? ಮತ್ತೆ ಓಡ್ತಿರೋವಾಗ ಎಲ್ಲಾ ಕರೆಕ್ಟಾಗಿದೆಯಲ್ಲ, ಸಿಮ್ ಮಾಡ್ಯೂಲ್ ಜೊತೆ ಸೀರಿಯಲ್ ಕೂಡ ಒಂದಕ್ಷರ ತಪ್ಪಲ್ಲ, ರೇಡಿಯೋದಲ್ಲೂ ಸರಿಯಾಗಿ 16ರಲ್ಲೇ ಇದೆ, ಅಂದ್ಮೇಲೆ ಕೆಪಾಸಿಟರ್ ಸರಿ ಇದೆ ಅಂತಾನೇ ಅಲ್ವಾ?

ಲೋಡ್ ಕೆಪಾಸಿಟರ್:

ಕೊನೇ ಪ್ರಶ್ನೆ ತುಂಬಾ ಮುಖ್ಯ, ಅದಕ್ಕೇ ಉದ್ದ ಬರೀತಿದೀನಿ. ಉತ್ತರ ಅಲ್ಲ ಅಂತ. ಫ್ರೀಕ್ವೆನ್ಸಿ ಸರಿ ಇದೆ ಅನ್ನೋದು ಬೇರೆ, ಆಸಿಲೇಟರ್ ಗ್ಯಾರಂಟಿಯಾಗಿ ಸ್ಟಾರ್ಟ್ ಆಗತ್ತೆ ಅನ್ನೋದು ಬೇರೆ. ಹಳೇ ಡೀಸೆಲ್ ಪಂಪ್‌ಸೆಟ್ ಹ್ಯಾಂಡಲ್ ತಿರುಗಿಸಿದೋರಿಗೆ ಇದು ಗೊತ್ತು, ಓಡ್ತಿರೋ ಇಂಜಿನ್ ಓಡ್ತಾನೇ ಇರತ್ತೆ, ಕಷ್ಟ ಇರೋದು ಎಬ್ಬಿಸೋದ್ರಲ್ಲಿ.

ಐಸಿ ಒಳಗಿರೋದು ಒಂದು ಇನ್ವರ್ಟರ್ (ಮನೆ ಬ್ಯಾಟರಿದಲ್ಲ, ಸಿಗ್ನಲ್ ತಿರುಗಿಸೋ ಗೇಟ್), ಅದು ಆಂಪ್ಲಿಫೈಯರ್ ಥರ ಕೆಲಸ ಮಾಡತ್ತೆ. ಪವರ್ ಬಂದಾಗ ಇರೋ ಪುಟಾಣಿ ನಾಯ್ಸನ್ನೇ ಹಿಡ್ಕೊಂಡು, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ದೊಡ್ಡದು ಮಾಡ್ತಾ ಹೋಗ್ಬೇಕು. ಕ್ರಿಸ್ಟಲ್ ಒಳಗೆ ಈಎಸ್‌ಆರ್ ಅನ್ನೋ ರೆಸಿಸ್ಟೆನ್ಸ್ ಇರತ್ತೆ, 16 ಮೆಗಾಹರ್ಟ್ಜ್ ಎಚ್‌ಸಿ49 ಥರದ್ರಲ್ಲಿ ಹೆಚ್ಚಂದ್ರೆ 40-50 ಓಮ್ ಅಂತ ಡೇಟಾಶೀಟಲ್ಲಿ ಕೊಟ್ಟಿರ್ತಾರೆ. ಅದು ತಿನ್ನೋ ಶಕ್ತಿಗಿಂತ ಇನ್ವರ್ಟರ್ ಕೊಡೋದು ಜಾಸ್ತಿ ಇರ್ಬೇಕು. ಇನ್ವರ್ಟರ್ ಕೊಡೋದನ್ನ ನೆಗೆಟಿವ್ ರೆಸಿಸ್ಟೆನ್ಸ್ ಅಂತ ಅಳೀತಾರೆ, ಅದು ಈಎಸ್‌ಆರ್‌ನ ಐದು ಪಟ್ಟಾದ್ರೂ ಇರ್ಲಿ ಅನ್ನೋದು ಡಿಸೈನ್ ಮಾಡೋರ ಲೆಕ್ಕ. ಈ ನೆಗೆಟಿವ್ ರೆಸಿಸ್ಟೆನ್ಸ್ ಎರಡು ಕೆಪಾಸಿಟರ್‌ಗಳ ಗುಣಲಬ್ಧಕ್ಕೆ ವಿರುದ್ಧವಾಗಿ ಹೋಗತ್ತೆ. ಅಂದ್ರೆ ಎರಡರಲ್ಲಿ ಒಂದೇ ಒಂದು ಹತ್ತು ಪಟ್ಟು ದೊಡ್ಡದಾದ್ರೂ ಸಾಕು, ಎಬ್ಬಿಸೋ ತಾಕತ್ತು ಹತ್ತನೇ ಒಂದು ಭಾಗಕ್ಕೆ ಇಳಿಯತ್ತೆ. ಬಿಸಿಯಾದಷ್ಟೂ ಇನ್ವರ್ಟರ್‌ನ ಗೇನ್ ಇಳಿಯತ್ತೆ, ಬೆಳಿಗ್ಗೆ ಅಂಚಲ್ಲಿ ನಿಂತಿದ್ದು ಮಧ್ಯಾಹ್ನ ಅಂಚಿನಿಂದ ಕೆಳಗೆ. ನೀವು ಕಾಲು ಮುಟ್ಟಿದಾಗ ಒಂದು ಒದೆತ ಸಿಗತ್ತೆ, ಬಯಾಸ್ ಅಲುಗಾಡತ್ತೆ, ಎದ್ದೇಳತ್ತೆ.

ಈಗ ಫ್ರೀಕ್ವೆನ್ಸಿ ಯಾಕೆ ಕೆಡಲಿಲ್ಲ? ಕ್ರಿಸ್ಟಲ್‌ಗೆ ಕಾಣೋದು ಎರಡು ಕೆಪಾಸಿಟರ್ ಸೀರೀಸಲ್ಲಿ. 22 ಮತ್ತು 22 ಆದ್ರೆ 11, ಅದಕ್ಕೆ ಬೋರ್ಡಿನದು ಪಿನ್ನಿನದು ಒಂದೈದು ಸೇರಿಸಿ 16 ಪಿಎಫ್. ಒಂದು 22 ಇನ್ನೊಂದು 220 ಆಗಿದ್ರೆ 20, ಐದು ಸೇರಿ 25. 16ಕ್ಕೂ 25ಕ್ಕೂ ಫ್ರೀಕ್ವೆನ್ಸಿಲಿ ಬರೋ ವ್ಯತ್ಯಾಸ ಹತ್ತು ಲಕ್ಷದಲ್ಲಿ ಕೆಲವು ಹತ್ತುಗಳಷ್ಟು ಭಾಗ, ಸೀರಿಯಲ್‌ಗೆ ಅದರ ಗಾಳಿಯೂ ತಾಗಲ್ಲ. ಹಾಗಾಗಿ ತಪ್ಪು ಕೆಪಾಸಿಟರ್ ಆರಾಮಾಗಿ ಬಚ್ಚಿಟ್ಕೊಳತ್ತೆ, ಎಲ್ಲಾ ಅಳತೆಯೂ ಸರಿ ಬರತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ.

ಕೆಪಾಸಿಟರ್ ಎರಡನ್ನೂ ಕಿತ್ತು ಭೂತಗನ್ನಡಿ ಹಿಡಿದು ನೋಡಿ. 22 ಅಥವಾ 220 ಅಂತಿದ್ರೆ 22 ಪಿಎಫ್, 221 ಅಂತಿದ್ರೆ 220 ಪಿಎಫ್. ಕೊನೇ ಅಂಕಿ ಅಂದ್ರೆ ಎಷ್ಟು ಸೊನ್ನೆ ಸೇರಿಸ್ಬೇಕು ಅಂತ. ಬಣ್ಣನೂ ನೋಡಿ, ಎನ್‌ಪಿ0 (ಬಿಸಿಗೆ ಬೆಲೆ ಬದಲಾಗದ) ಡಿಸ್ಕ್ ಆದ್ರೆ ಸಾಮಾನ್ಯವಾಗಿ ತಲೆ ಮೇಲೆ ಕಪ್ಪು ಪಟ್ಟಿ ಇರತ್ತೆ, ಕ್ರಿಸ್ಟಲ್‌ಗೆ ಬೇಕಿರೋದು ಅದೇ.

ಒಳಗಿನ 8 ಮೆಗಾಹರ್ಟ್ಜ್ ಬಗ್ಗೆ: ಬರೀ ಟೈಮರ್ ಆಗಿದ್ರೆ ನಾನೂ ಅದೇ ಅಂತಿದ್ದೆ. ಆದ್ರೆ ಅದು ಆರ್‌ಸಿ, ಫ್ಯಾಕ್ಟರಿ ಕ್ಯಾಲಿಬ್ರೇಷನ್ ಬರೋದೇ ಶೇಕಡಾ 10ರ ಗ್ಯಾರಂಟಿಲಿ, ಬಿಸಿಗೂ ವೋಲ್ಟೇಜಿಗೂ ಓಡಾಡತ್ತೆ. ಸೀರಿಯಲ್‌ಗೆ ಶೇಕಡಾ 2ರ ಒಳಗೆ ಇದ್ರೆ ನೆಮ್ಮದಿ. ಟೇಬಲ್ ಮೇಲೆ ಸರಿ ಇದ್ದು ಏಪ್ರಿಲ್ ಬಿಸಿಲಲ್ಲಿ ಸಿಮ್ ಮಾಡ್ಯೂಲ್ ಮಾತು ಅರ್ಥ ಆಗದೇ ಹೋದ್ರೆ ಅದನ್ನ ಹುಡುಕೋದು ಇದಕ್ಕಿಂತ ಕಷ್ಟ. ಕ್ರಿಸ್ಟಲ್ಲೇ ಇರ್ಲಿ, ಸರಿ ಮಾಡೋಣ.

ಹುಬ್ಬಳ್ಳಿ ರಿಪೇರಿ:

ಇದು ಛಲೋ ಹೇಳಿದ್ರಿ. ಅಂಕಿ ಅಳಸಿ ಹೋಗಿದ್ರ ಮೀಟರಿನ್ಯಾಗ 2 ನ್ಯಾನೋಫ್ಯಾರಡ್ ರೇಂಜ್ ಇದ್ರ ಅದಕ್ಕ ಹಾಕ್ರಿ, 0.02 ಬಂದ್ರ 22 ಪಿಎಫ್, 0.22 ಬಂದ್ರ 220. ಆ ಚೀನಾ ಟ್ರಾನ್ಸಿಸ್ಟರ್ ಟೆಸ್ಟರ್ ಐತಲ್ಲ, ಅದು 25 ಪಿಎಫ್ ಒಳಗಿಂದು ಸರಿ ತೋರ್ಸಂಗಿಲ್ಲ, ಪಾರ್ಟೇ ಇಲ್ಲ ಅಂತೈತಿ, ಅದನ್ನ ನೋಡಿ ಒಳ್ಳೇ ಕೆಪಾಸಿಟರ್ ಒಗೀಬ್ಯಾಡ್ರಿ. ಅದರಾಗ ಸಣ್ಣದು ಕಾಣಂಗಿಲ್ಲ, 220 ಆದ್ರ ಸ್ಪಷ್ಟ ಕಾಣ್ತೈತಿ, ಅಷ್ಟಕ್ಕ ಸಾಕು.

ತೋಟದಮನೆ:

ಸಿಕ್ತು!! 9ನೇ ಪಿನ್ನಿನ ಕಡೆದು ಕಪ್ಪು ತಲೆ, 22 ಅಂತಿದೆ. 10ನೇ ಪಿನ್ನಿನ ಕಡೆದಕ್ಕೆ ಕಪ್ಪು ತಲೆ ಇಲ್ಲ, ಅದೇ ಕಂದು ಬಣ್ಣ, ಅದೇ ಸೈಜು, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಪಕ್ಕದಿಂದ ಟಾರ್ಚ್ ಬಿಟ್ಟಾಗ 221 ಅಂತ ಕಾಣ್ತು, 1 ಅನ್ನೋದು ಅರ್ಧ ಅಳಿಸಿದೆ. ಮೀಟರಲ್ಲಿ 0.21. ಎಸ್‌ಪಿ ರೋಡ್‌ನಲ್ಲಿ 22 ಪಿಎಫ್ ಅಂತ ಬರೆದಿದ್ದ ಒಂದೇ ಪ್ಯಾಕೆಟಲ್ಲಿ ಬಂದಿದ್ದು ಇವು, ಉಳಿದಿದ್ದೆಲ್ಲಾ ಸುರಿದು ನೋಡಿದೆ, ಕಪ್ಪು ತಲೆ ಇಲ್ಲದವು ಇನ್ನೂ ಸುಮಾರು ಇವೆ ಅದ್ರಲ್ಲಿ.

ಈಗ ಎರಡೂ ಸರಿಯಾದ 22 ಹಾಕಿದೀನಿ. ಹೇರ್‌ಡ್ರೈಯರ್ ಹಿಡಿದು, ಕೈ ಇಡಕ್ಕಾಗದಷ್ಟು ಬಿಸಿ ಮಾಡಿ ಆನ್ ಆಫ್ ಆನ್ ಆಫ್ ಮಾಡ್ತಾನೇ ಇದೀನಿ, ಒಂದ್ಸಲನೂ ತಪ್ಪಿಲ್ಲ, ರೇಡಿಯೋ ಪ್ರತಿಸಲ ಗಪ್. ಬಹಳ ಖುಷಿಯಾಯ್ತು. ಆದ್ರೆ ಈಗ ಎಷ್ಟು ಮಾರ್ಜಿನ್ ಇದೆ ಅಂತ ತಿಳ್ಕೊಳೋದು ಹೇಗೆ? ಮತ್ತೆ ಅಂಚಲ್ಲೇ ನಿಂತಿದ್ಯಾ ಅಂತ ಭಯ.

ಲೋಡ್ ಕೆಪಾಸಿಟರ್:

ಭಯ ಬೇಡ, ಅದನ್ನ ಮನೇಲೇ ಅಳೀಬಹುದು. ಕ್ರಿಸ್ಟಲ್‌ನ ಒಂದು ಕಾಲು ಬಿಚ್ಚಿ, ಅದಕ್ಕೆ ಸೀರೀಸಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕಿ. 47 ಓಮ್, ಆಮೇಲೆ 100, 220, 470 ಹಿಂಗೆ ಏರಿಸ್ತಾ ಹೋಗಿ, ಪ್ರತಿ ಬೆಲೆಗೂ ಪವರ್ ಪೂರ್ತಿ ತೆಗೆದು ಹಾಕಿ ನೋಡಿ. ಎಲ್ಲಿ ಏಳೋದು ನಿಲ್ಲತ್ತೋ ಅದಕ್ಕಿಂತ ಹಿಂದಿನ ಬೆಲೆಗೆ ಈಎಸ್‌ಆರ್ ಕೂಡಿಸಿ, ಮೊತ್ತವನ್ನ ಈಎಸ್‌ಆರ್‌ನಿಂದ ಭಾಗಿಸಿ, ಐದರ ಮೇಲೆ ಬಂದ್ರೆ ನೆಮ್ಮದಿಯಾಗಿರಿ. ರೆಸಿಸ್ಟರ್ ಕಾಲು ಉದ್ದ ಬಿಡಬೇಡಿ, ಪ್ರೀಸೆಟ್ ಪಾಟ್ ಹಾಕಬೇಡಿ, ಅದರದ್ದೇ ಕೆಪಾಸಿಟೆನ್ಸ್ ಸೇರ್ಕೊಂಡು ಲೆಕ್ಕ ಕೆಡತ್ತೆ. ಟೆಸ್ಟ್ ಬಿಸಿಯಲ್ಲೇ ಮಾಡಿ, ನಿಮಗೆ ಕಷ್ಟ ಕೊಡೋದು ಬಿಸೀನೇ.

ಫ್ಯೂಸ್ ಏನಿದೆ? ಊನೋ ಬೂಟ್‌ಲೋಡರ್ ಹಾಕಿದ್ರೆ ಲೋ ಫ್ಯೂಸ್ ಎಫ್‌ಎಫ್ ಇರತ್ತೆ, ಅದು ಲೋ ಪವರ್ ಆಸಿಲೇಟರ್, ಸ್ವಿಂಗ್ ಸಣ್ಣದು. ಅದನ್ನ ಎಫ್7 ಮಾಡಿ, ಫುಲ್ ಸ್ವಿಂಗ್ ಆಗತ್ತೆ. ಕರೆಂಟ್ ಸ್ವಲ್ಪ ಜಾಸ್ತಿ ಎಳೆಯತ್ತೆ ಆದ್ರೆ ರಿಲೇ, ಮೋಟಾರ್ ಕಾಂಟ್ಯಾಕ್ಟರ್ ಪಕ್ಕದಲ್ಲಿ ಇರೋ ಬೋರ್ಡಿಗೆ ಅದೇ ಸರಿ, ಹೊರಗಿನ ನಾಯ್ಸಿಗೆ ಜಗ್ಗಲ್ಲ. ಒಂದು ಎಚ್ಚರ, ಮುಂದೆ 328ಪಿಬಿ ತಂದ್ರೆ ಅದ್ರಲ್ಲಿ ಫುಲ್ ಸ್ವಿಂಗ್ ಆಯ್ಕೆ ಇಲ್ಲ.

ಶಾರ್ಟ್‌ವೇವ್ ಕಿವಿ:

ಇನ್ನೊಂದು ವಿಷಯ ಹೇಳ್ಲೇಬೇಕು, ಮೋಟಾರ್ ಇರೋದ್ರಿಂದ. ಸ್ಟಾರ್ಟ್ ಆಗದೇ ಇರೋದು ತಲೆನೋವು ಅಷ್ಟೇ, ಆದ್ರೆ ಮೋಟಾರ್ ಓಡ್ತಿರೋವಾಗ ಆಸಿಲೇಟರ್ ನಿಂತ್ರೆ ಪಿನ್ನು ಇದ್ದಲ್ಲೇ ಇರತ್ತೆ, ರಿಲೇ ಹಿಡ್ಕೊಂಡೇ ಇರತ್ತೆ, ಬಾವಿ ಖಾಲಿಯಾದ್ರೂ ಮೋಟಾರ್ ಡ್ರೈ ಓಡಿ ಸುಟ್ಟೋಗತ್ತೆ. ಅದಕ್ಕೆ ವಾಚ್‌ಡಾಗ್ (ಪ್ರೋಗ್ರಾಮ್ ನಿಂತ್ರೆ ಐಸಿನ ರೀಸೆಟ್ ಮಾಡೋ ಟೈಮರ್) ಆನ್ ಮಾಡಿ. ಎಟಿಮೆಗಾದಲ್ಲಿ ವಾಚ್‌ಡಾಗ್‌ಗೆ ತನ್ನದೇ 128 ಕಿಲೋಹರ್ಟ್ಜ್ ಆಸಿಲೇಟರ್ ಇದೆ, ಕ್ರಿಸ್ಟಲ್ ಸತ್ರೂ ಅದು ಬದುಕಿರತ್ತೆ, ಟೈಮ್ ಮೀರಿದ್ರೆ ರೀಸೆಟ್ ಕೊಡತ್ತೆ. ರೀಸೆಟ್ ಬಂದ ಕ್ಷಣ ಪಿನ್ನುಗಳು ಇನ್‌ಪುಟ್ ಆಗ್ತವೆ, ಅದಕ್ಕೆ ಕ್ಲಾಕ್ ಬೇಕಾಗಿಲ್ಲ. ರಿಲೇ ಟ್ರಾನ್ಸಿಸ್ಟರ್‌ನ ಬೇಸಿಂದ ಗ್ರೌಂಡಿಗೆ ಒಂದು 10ಕೆ ರೆಸಿಸ್ಟರ್ ಹಾಕಿ, ಆಗ ಪಿನ್ನು ತೇಲಿದ್ರೂ ರಿಲೇ ಬಿಡತ್ತೆ.

ಬ್ರೌನ್ ಔಟ್ (ವೋಲ್ಟೇಜ್ ಇಳಿದ್ರೆ ಐಸಿನ ರೀಸೆಟ್‌ನಲ್ಲಿ ಹಿಡಿಯೋ ಸೆಟ್ಟಿಂಗ್) ಕೂಡ ನೋಡ್ಕೊಳ್ಳಿ. ಊನೋ ಸೆಟ್ಟಿಂಗಲ್ಲಿ 2.7 ವೋಲ್ಟ್ ಇರತ್ತೆ, 16 ಮೆಗಾಹರ್ಟ್ಜ್‌ಗೆ ಐಸಿ ಕೇಳೋದು 3.8 ವೋಲ್ಟಾದ್ರೂ, ಹಂಗಾಗಿ 4.3ಕ್ಕೆ ಏರಿಸಿ. ನಮ್ಮ ಹಳ್ಳಿ ಕಡೆ ಕರೆಂಟ್ ಬರೋವಾಗ ಒಮ್ಮೆಲೇ ಬರಲ್ಲ, ಮಿಣಿಮಿಣಿ ಅಂತ ಏರಿ ಇಳಿದು ಬರತ್ತೆ, ಆಗ ಅರ್ಧ ವೋಲ್ಟೇಜಲ್ಲಿ ಐಸಿ ಏನೇನೋ ಮಾಡದೇ ಇರ್ಲಿ.

ಗದಗ ಹುಡ್ಗ:

ಮಧ್ಯೆ ಬಂದಿದ್ದಕ್ಕೆ ಸಾರಿ. ನನ್ನ ಸ್ಪ್ರಿಂಕ್ಲರ್ ಟೈಮರ್‌ನಾಗ ಡಿಎಸ್1307 ಗಡಿಯಾರದ ಐಸಿ ಐತಿ, ದಿನಾ ಹಿಂದ ಬೀಳ್ತೈತಿ. ಅದಕ್ಕೂ ಹಿಂಗ 22 ಪಿಎಫ್ ಎರಡು ಹಾಕೀನಿ, ಇದ ಪ್ರಾಬ್ಲಮ್ ಏನ್ರಿ?

ಲೋಡ್ ಕೆಪಾಸಿಟರ್:

ಹೌದು, ಆ ಎರಡೂ ತೆಗೀರಿ. ಡಿಎಸ್1307ಗೆ ಹೊರಗಿನ ಕೆಪಾಸಿಟರ್ ಬೇಡ, ಬೇಕಾದ ಲೋಡ್ ಒಳಗೇ ಇದೆ, ಅದಕ್ಕೆ ಬೇಕಿರೋದು 12.5 ಪಿಎಫ್‌ಗೆ ಅಂತ ಮಾಡಿದ 32.768 ಕಿಲೋಹರ್ಟ್ಜ್ ಕ್ರಿಸ್ಟಲ್. ಲೋಡ್ ಜಾಸ್ತಿ ಆದಷ್ಟೂ ಗಡಿಯಾರ ಹಿಂದೆ ಬೀಳತ್ತೆ. 6 ಪಿಎಫ್ ಕ್ರಿಸ್ಟಲ್ ಹಾಕಿದ್ರೂ ಅದೇ ಗತಿ. ಸರಿಯಾಗಿ ಹಾಕಿದ ಮೇಲೂ ಈ ಥರದ ಕ್ರಿಸ್ಟಲ್ 25 ಡಿಗ್ರಿಲಿ ಮಾತ್ರ ನೆಟ್ಟಗಿರೋದು, ಮೇಲೆ ಹೋದ್ರೂ ಕೆಳಗೆ ಹೋದ್ರೂ ನಿಧಾನ ಆಗತ್ತೆ, 45 ಡಿಗ್ರಿಲಿ ಇಟ್ರೆ ದಿನಕ್ಕೆ ಒಂದು ಸೆಕೆಂಡ್ ಮೇಲೆ ಹೋಗತ್ತೆ. ಗದಗದ ಬಿಸಿಲಲ್ಲಿ ಡಬ್ಬ ಹೊರಗಿದ್ರೆ ಡಿಎಸ್3231 ಹಾಕ್ಬಿಡಿ, ಅದು ಟೆಂಪರೇಚರ್ ನೋಡ್ಕೊಂಡು ತಾನೇ ಸರಿ ಮಾಡ್ಕೊಳತ್ತೆ, 40 ಡಿಗ್ರಿ ತನಕ ವರ್ಷಕ್ಕೆ ಒಂದು ನಿಮಿಷದ ಆಸುಪಾಸು ಅಷ್ಟೇ ವ್ಯತ್ಯಾಸ.

ಓಡೋದೇ ಇಲ್ಲ ಅನ್ನೋರಿಗೆ: ಡಿಎಸ್1307ರಲ್ಲಿ ಸೆಕೆಂಡ್ ರಿಜಿಸ್ಟರ್‌ನ 7ನೇ ಬಿಟ್ 1 ಇದ್ರೆ ಆಸಿಲೇಟರ್ ನಿಂತಿರತ್ತೆ, ಹೊಸದಾಗಿ ಪವರ್ ಕೊಟ್ಟಾಗ ಅದು 1 ಆಗೇ ಇರತ್ತೆ, 0 ಬರೀಬೇಕು. ಬಿಸಿ ಮಾಡಿ ಸೋಲ್ಡರ್ ಕೀಳೋಕೆ ಮುಂಚೆ ಇದನ್ನ ನೋಡಿ.

ತೋಟದಮನೆ:

ರೆಸಿಸ್ಟರ್ ಟೆಸ್ಟ್ ಮಾಡಿದೆ, ಬಿಸಿಲೇ. ಕುತೂಹಲಕ್ಕೆ ಮೊದಲು ಆ ಹಳೇ 221 ವಾಪಸ್ ಹಾಕಿ ನೋಡಿದೆ, 47 ಓಮ್ ಸೇರಿಸಿದ್ರೆ ತಣ್ಣಗಿದ್ರೂ ಏಳಲ್ಲ. ಎರಡೂ 22 ಹಾಕಿ, ಫ್ಯೂಸ್ ಎಫ್7 ಮಾಡಿದ ಮೇಲೆ ಬಿಸಿಯಲ್ಲೂ 470ಕ್ಕೆ ಏಳತ್ತೆ, 820ಕ್ಕೆ ಏಳಲ್ಲ. ಈಎಸ್‌ಆರ್ 50 ಅಂತ ಹಿಡಿದ್ರೂ ಹತ್ತು ಪಟ್ಟು ಬಂತು. ಬ್ರೌನ್ ಔಟ್ 4.3 ಮಾಡಿದೆ, ವಾಚ್‌ಡಾಗ್ ಹಾಕಿದೆ, 10ಕೆ ಹಾಕಿದೆ. ಓಡ್ತಿರೋವಾಗ 9ನೇ ಪಿನ್ನು ಗ್ರೌಂಡಿಗೆ ಶಾರ್ಟ್ ಮಾಡಿ ನೋಡಿದೆ, ಎರಡು ಸೆಕೆಂಡಲ್ಲಿ ರಿಲೇ ಟಕ್ ಅಂತ ಬಿಡ್ತು, ಶಾರ್ಟ್ ತೆಗೆದ ತಕ್ಷಣ ಬೋರ್ಡ್ ಮೊದಲಿಂದ ಎದ್ಕೊಂಡ್ತು. ಪಂಪ್‌ಹೌಸಲ್ಲಿ ಹಾಕಿಯಾಯ್ತು, ಮಧ್ಯಾಹ್ನದ ಕರೆಂಟಿಗೂ ತಾನೇ ಏಳ್ತಿದೆ.

ಮೂರು ಜನಕ್ಕೂ ತುಂಬಾ ತುಂಬಾ ಥ್ಯಾಂಕ್ಸ್. ಒಂದೇ ಪ್ರಶ್ನೆ ಉಳೀತು, ಇದೇ ಪ್ಯಾಕೆಟ್ಟಿನ ಕೆಪಾಸಿಟರ್ ಹಾಕಿ ಚಿಕ್ಕಪ್ಪನ ತೋಟಕ್ಕೂ ಒಂದು ಬೋರ್ಡ್ ಮಾಡಿ ಕೊಟ್ಟಿದೀನಿ, ಅದು ಇಷ್ಟು ದಿನ ಸರಿಯಾಗೇ ಏಳ್ತಿದೆ, ಅದನ್ನೂ ಬಿಚ್ಚಿ ನೋಡ್ಬೇಕಾ?

ಹುಬ್ಬಳ್ಳಿ ರಿಪೇರಿ:

ಬಿಚ್ಚಬೇಕ್ರಿ. ಸೋಲ್ಡರ್ ಕೀಳೂದು ಬ್ಯಾಡ, ತಲಿ ಕಪ್ಪೈತೋ ಇಲ್ಲೋ ಅಷ್ಟ ನೋಡ್ರಿ. ಎರಡೂ ಕಪ್ಪಿದ್ದು 22 ಅಂತ ಓದಾಕ ಬಂದ್ರ ಡಬ್ಬಿ ಮುಚ್ಚಿ ಬರ್ರಿ, ಒಂದಕ್ಕ ಇಲ್ಲಂದ್ರ ಎರಡನ್ನೂ ಬದಲಿ ಮಾಡ್ರಿ. ಮತ್ತ ಆ ಪ್ಯಾಕೆಟ್ ಒಗೀಬ್ಯಾಡ್ರಿ, ಮೀಟರಿನ್ಯಾಗ ಹಾಕಿ ಎರಡು ಡಬ್ಬಿಗೆ ಬ್ಯಾರೆ ಬ್ಯಾರೆ ಮಾಡಿ ಇಡ್ರಿ, 220 ಪಿಎಫ್ ಬ್ಯಾರೆ ಕಡೆ ಬೇಕಾಗ್ತೈತಿ.